ಐವತ್ತು ಲೀಟರ್

ಕಿಲೋಗೆ ಎಷ್ಟು ಅಂತ ಕೇಳಿಬಿಟ್ಟೆ, ಅಭ್ಯಾಸಬಲ.
ಅಂಗಡಿಯ ಹುಡುಗ ಇಫ್ತಿಕಾರ್ ನಗಲಿಲ್ಲ, ಅದು ಅವನ ದೊಡ್ಡತನ.
‘ಇದು ಜೋಡಿ ಲೆಕ್ಕ ಮಾವಶಿ, ಜೋಡಿಗೆ ನಲವತ್ತು.’
ನಲವತ್ತಕ್ಕೆ ಒಂದು ಕಾಲದಲ್ಲಿ ನಾನು
ಬುಟ್ಟಿ ತುಂಬ ತಾರ್ಲೆ ಕೊಟ್ಟವಳು,
ಮೇಲೊಂದು ಹಿಡಿ ಕೊಸರು.
ಇಲ್ಲಿ ನಲವತ್ತಕ್ಕೆ
ಹುಣಸೆ ಬೀಜದಷ್ಟು ಎರಡು ಜೀವ.

ಮೊಮ್ಮಗಳು ಪ್ರಣಾಲಿಗೆ ಗಾಜಿನ ಪೆಟ್ಟಿಗೆ ಬಂದಿತ್ತು,
ಅವಳ ಅಪ್ಪ ಬೋಟಿನಿಂದ ಇಳಿದ ದಿನ ತಂದದ್ದು.
ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಆಳ.
ಬೈತಖೋಲದ ನಮ್ಮ ಕೋಣೆಯಲ್ಲಿ, ಟೀವಿ ಪಕ್ಕ,
ಒಂದು ವಾರ ಬರೀ ನೀರು ತುಂಬಿಸಿಟ್ಟಿದ್ದೆವು
ನಲ್ಲಿಯ ವಾಸನೆ ಹೋಗಲೆಂದು.
ಬಂದವರೆಲ್ಲ ಬಗ್ಗಿ ನೋಡಿ,
ಮೀನೆಲ್ಲಿ ಎಂದು ಕೇಳಿ, ನಗಾಡಿ ಹೋದರು.
ಎದುರಿಗೆ ಅಷ್ಟು ದೊಡ್ಡ ಸಮುದ್ರ ಇಟ್ಟುಕೊಂಡು
ನೀರು ಹಳೆಯದಾಗಲಿ ಎಂದು ಕಾದವರು ನಾವೇ ಇರಬೇಕು.

ಹುಡುಗಿಯ ಬೆರಳು ಮೊದಲು ಹೋದದ್ದು ಚಿನ್ನದ ಮೀನಿಗೆ.
‘ಅದು ಅಂಗೈ ಅಗಲ ಬೆಳೆಯುತ್ತದೆ, ತಿಂದಷ್ಟೂ ಗಲೀಜು.’
ಏಂಜೆಲ್?
‘ಚೆಂದವೇ. ಆದರೆ ನಿಯಾನ್ ಮರಿ ಜೊತೆಗಿದ್ದರೆ
ಬೆಳಗಾಗುವುದರೊಳಗೆ ಲೆಕ್ಕ ತಪ್ಪುತ್ತದೆ.’
ಪಟ್ಟೆಪಟ್ಟೆಯ ಟೈಗರ್ ಬಾರ್ಬ್?
‘ಬಾಲ ಕಂಡವರ ಬಾಲ ಕಚ್ಚುವ ಜಾತಿ.’
ಮೂಲೆಯ ಬಾಟಲಿಯಲ್ಲಿ ಒಂಟಿ ಫೈಟರ್,
ಮದುವೆ ಸೀರೆಯ ಸೆರಗು ಹರಡಿಕೊಂಡು
ಗಾಜಿನಲ್ಲಿ ಕಂಡ ತನ್ನ ಮುಖದ ಮೇಲೇ ಸಿಟ್ಟು.
ಅದನ್ನು ಕೇಳಲೇ ಇಲ್ಲ ನಾವು.

ನಲವತ್ತು ವರ್ಷ ಮೀನು ಮಾರಿದವಳಿಗೆ
ಮೀನಿನ ಸ್ವಭಾವ ಕೇಳುವ ಪ್ರಸಂಗ ಬಂದಿರಲಿಲ್ಲ.
ಕಿವಿರು ಎತ್ತಿ ಕೆಂಪು ನೋಡಿದ್ದೇನೆ,
ಹೊಟ್ಟೆ ಒತ್ತಿ ನೋಡಿದ್ದೇನೆ.
ನಿನಗೆ ಯಾರು ಆಗುವುದಿಲ್ಲ
ಎಂದು ಬಂಗಡೆಯನ್ನು ಕೇಳಿದವರುಂಟೆ?
ಲೆಪ್ಪೆಯ ಮೇಲೆ ತಾಟೆ ಮರಿ,
ತಾಟೆಯ ಬಾಯಿಗೆ ಸಿಕ್ಕಿಕೊಂಡ ಶೆಟ್ಲಿ ಮೀಸೆ,
ಎಲ್ಲರೂ ಕಣ್ಣು ಬಿಟ್ಟುಕೊಂಡು ಒಂದೇ ಬುಟ್ಟಿಯಲ್ಲಿ.
ಮಂಜುಗಡ್ಡೆಯೊಳಗೆ
ಹೊಂದಿಕೊಳ್ಳದ ಮೀನಿಲ್ಲ.

ಹೊಂದಿಕೆ ಅಂದಾಗ ಚಂದ್ರಭಾಗಿ ನೆನಪಾದಳು.
ಮಾರ್ಕೆಟ್ಟಿನಲ್ಲಿ ನನ್ನ ಎಡಕ್ಕೆ ಬಂದು ಕೂತವಳು,
ಯಾರೂ ಕರೆಯದೆ, ಒಂದು ಸೋಮವಾರ,
ನನ್ನ ನಾಲ್ಕಡಿಯಲ್ಲಿ ಒಂದೂವರೆ ಅಡಿ ನುಂಗಿ.
ಅವಳ ಮೀನಿನ ನೀರು ನನ್ನ ಮಣೆಗೆ,
ನನ್ನ ಬೈಗುಳ ಅವಳ ಮನೆತನಕ್ಕೆ.
ಇಪ್ಪತ್ತೆರಡು ವರ್ಷ.
ನಾನು ಎದ್ದು ಹೋದರೆ ಬುಟ್ಟಿ ಕಾದವಳೂ ಅವಳೇ.
ನನಗಿಂತ ಹತ್ತು ರೂಪಾಯಿ ಜಾಸ್ತಿಗೆ ಮಾರಿ
ಹಣ ನನ್ನ ಗೋಣಿಯ ಅಡಿ ತುರುಕಿ
ಮತ್ತೆ ಮುಖ ತಿರುಗಿಸುತ್ತಿದ್ದಳು.
ಅವಳನ್ನು ಯಾವ ಪಟ್ಟಿಯಲ್ಲಿ ಬರೆದಾನು ಈ ಹುಡುಗ?

ಕೊನೆಗೆ ಅವನು ಹೇಳಿದಂತೆಯೇ ಆಯಿತು.
ಗಂಡು ಗಪ್ಪಿ ನಾಲ್ಕು. ಹೆಣ್ಣು ಸೇರಿದರೆ ತಿಂಗಳಿಗೊಮ್ಮೆ ಮರಿ,
ಬಾಣಂತನ ಮಾಡುವವರು ಯಾರು?
ತಳ ಕೆದಕುವ ಮೀಸೆಯ ಕೋರಿ ಆರು,
ಒಂದೇ ಆದರೆ ಅಂಜಿ ಮೂಲೆ ಸೇರುತ್ತದಂತೆ.
ಒಂದು ಕಟ್ಟು ನೀರುಗಿಡ.
ನನ್ನ ನಾಲಗೆ ಸುಮ್ಮನಿರಲಿಲ್ಲ,
‘ಮೇಲೊಂದು ಹಾಕೋ’ ಅಂದೆ.
‘ಮೇಲೊಂದು ಹಾಕಿದರೆ ಎಲ್ಲಕ್ಕೂ ಉಸಿರು ಕಟ್ಟುತ್ತದೆ ಮಾವಶಿ.’
ಜೀವಮಾನದಲ್ಲಿ ಮೊದಲ ಸಲ
ಕೊಸರಿಲ್ಲದೆ ಎದ್ದು ಬಂದೆ.

ಮೀನಿನ ಚೀಲ ನೀರ ಮೇಲೆ ತೇಲಬಿಟ್ಟು ಅರ್ಧ ತಾಸು.
ಪ್ರಣಾಲಿ ಗಡಿಯಾರ ನೋಡುತ್ತ, ನಾನು ಪ್ರಣಾಲಿಯನ್ನು.
ಬಿಟ್ಟೆವು. ಗಪ್ಪಿ ಮೇಲೆ, ಕೋರಿ ಕೆಳಗೆ,
ನಡುವೆ ಯಾರದೂ ಅಲ್ಲದ ಒಂದು ಗೇಣು ನೀರು.
ಆ ರಾತ್ರಿ ಮನೆಯಲ್ಲಿ ಬಂಗಡೆ ಸಾರು.
ಹುಡುಗಿ ಪೆಟ್ಟಿಗೆಗೆ ಟವೆಲ್ ಹೊದಿಸಿ ಬಂದು
ಎರಡು ಸಲ ಬಡಿಸಿಕೊಂಡು ಉಂಡಳು.

ತಿಂಗಳು ಕಳೆದು ಒಂದು ಬೆಳಿಗ್ಗೆ
ಗಾಜಿನ ಮೇಲೆ ಮೆಣಸಿನಕಾಳಿನಷ್ಟು ಕಪ್ಪು, ಚಲಿಸುತ್ತಿತ್ತು.
ಗಿಡದ ಬೇರಿನಲ್ಲಿ ಅಡಗಿ ಬಂದ ಬಸವನಹುಳು.
ಆರಿಸಿದ್ದಲ್ಲ, ಹಣ ಕೊಟ್ಟದ್ದಲ್ಲ.
‘ತೆಗೆದು ಬಿಸಾಡಿ, ನೂರಾಗುತ್ತವೆ’ ಎಂದ ಇಫ್ತಿಕಾರ್ ಫೋನಿನಲ್ಲಿ.
ಚಿಮಟ ಹಿಡಿದು ಕೂತೆ.
ಅದು ಹೋದ ದಾರಿಯಲ್ಲಿ ಪಾಚಿ ಸವೆದು
ಗಾಜು ಒಂದು ಗೆರೆಯಷ್ಟು ಚೊಕ್ಕವಾಗಿತ್ತು.
ಎಡಕ್ಕೆ ಸರಿಯುತ್ತಿತ್ತು, ಅವಸರವಿಲ್ಲ,
ಕರೆಯದೆ ಬಂದು ಜಾಗ ಹಿಡಿಯುವವರ ಹಾಗೆ.

ಕೂತುಕೋ ಮಾರಾಯ್ತಿ, ಅಂದೆ.